ಹಿರಿಯರು ಮನೆಯಲ್ಲಿ ಬೀಳದಂತೆ



ಹಬ್ಬುವಾಡದಲ್ಲಿ ಮಳೆಗಾಲವೆಂದರೆ ಏನೆಂಬುದನ್ನು ನಾವು ತಮಗೆ ಹೇಳಬೇಕಾಗಿಲ್ಲ. ಕಾರವಾರಕ್ಕೆ ವರ್ಷದಲ್ಲಿ ಸುಮಾರು 3000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರದೊಳಗೆ. ಅಂಗಳದ ಕಲ್ಲಿಗೆ ಹಾವಸೆ ಕಟ್ಟುತ್ತದೆ, ಜಗಲಿಯ ನೆಲ ಬೆವರುತ್ತದೆ, ಬಚ್ಚಲು ಒಣಗುವುದೇ ಇಲ್ಲ. ಹರೆಯದವರು ಜಾರಿದರೆ ಎದ್ದು ನಗುತ್ತಾರೆ. ಎಪ್ಪತ್ತು ದಾಟಿದವರು ಜಾರಿದರೆ? ಆ ಮನೆಯ ನಗೆಯೇ ನಿಂತುಹೋಗುತ್ತದೆ.

"ವಯಸ್ಸಾಯಿತು, ಬಿದ್ದರು" ಎನ್ನುವುದು ರೂಢಿಯ ಮಾತು. ಇದನ್ನು ನಾವು ಒಪ್ಪುವುದಿಲ್ಲ. ಬೀಳುವುದಕ್ಕೆ ಕಾರಣಗಳುಂಟು, ಬಹಳಷ್ಟು ಕಾರಣಗಳಿಗೆ ಪರಿಹಾರವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಇವರಲ್ಲಿ ಅರವತ್ತು ದಾಟಿದವರೇ ಹೆಚ್ಚು.

ಮುಪ್ಪಿನವರು ಬೆಳಗಿನ ಜಾವಕ್ಕೇ ಏಳುತ್ತಾರೆ. ಮಕ್ಕಳ ನಿದ್ದೆ ಕೆಟ್ಟೀತೆಂದು ದೀಪ ಹಾಕುವುದಿಲ್ಲ. ಮಲಗಿದವರು ಥಟ್ಟನೆ ಎದ್ದು ನಿಂತರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆಗೂಡುತ್ತದೆ; ರಕ್ತದೊತ್ತಡದ ಮಾತ್ರೆ, ನಿದ್ದೆಯ ಮಾತ್ರೆ ನುಂಗುವವರಿಗೆ ಇದು ಇನ್ನೂ ಹೆಚ್ಚು. ಆದ್ದರಿಂದ ಮೊದಲು ಎದ್ದು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದಗಳನ್ನು ಆಡಿಸಿ, ಆಮೇಲೆ ನಿಲ್ಲಬೇಕು. ಮಂಚದಿಂದ ಬಚ್ಚಲಿನವರೆಗೆ ಒಂದು ಸಣ್ಣ ಬಲ್ಬು ರಾತ್ರಿಯಿಡೀ ಉರಿಯಲಿ. ಅದರ ಕರೆಂಟು ಬಿಲ್ಲಿಗೆ ಹೆದರಬೇಡಿರಿ.

ಸ್ನಾನವಾದ ಮೇಲೆ ಪೂಜೆಗೆ ಹೊತ್ತಾಯಿತೆಂದು ಒದ್ದೆ ಕಾಲಿನಲ್ಲೇ ನುಣುಪು ಟೈಲ್ಸಿನ ಮೇಲೆ ಬರುವವರನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಪೂಜೆ ಐದು ನಿಮಿಷ ತಡವಾದರೆ ಕೊರತೆಯೇನೂ ಆಗದು; ಕಾಲು ಒರಸಿಕೊಂಡು ಬನ್ನಿರಿ. ಬಾಗಿಲಲ್ಲಿ ಹಾಸಿದ ಗೋಣಿತಟ್ಟು ತಾನೇ ಜಾರುವುದರಿಂದ ಅದನ್ನು ತೆಗೆಯಿರಿ. ಸವೆದ ಹವಾಯಿ ಚಪ್ಪಲಿ, ನೆಲ ಗುಡಿಸುವ ಸೀರೆಯ ಅಂಚು ಇವೂ ಬೀಳಿಸುತ್ತವೆ. ಬಚ್ಚಲಿನ ಗೋಡೆಗೆ ಗಟ್ಟಿಯಾದ ಹಿಡಿಕೆ ಹಾಕಿಸಬೇಕು. ಟವೆಲು ತೂಗುವ ಸರಳನ್ನು ನೆಚ್ಚಿದವರು ಸರಳಿನ ಸಮೇತ ಕೆಳಗೆ ಬರುತ್ತಾರೆ. ಅಂಗಳದ ಹಾವಸೆಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿರಿ. ಹಿರಿಯರು ನಡೆಯುವ ದಾರಿಗಾದರೂ ಸರಿ.

ಇದೆಲ್ಲ ಮನೆಯ ಮಾತಾಯಿತು. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ತಾಯಿ ಒಮ್ಮೆ ಬಿದ್ದಳೆಂದರೆ ಮಗ ಏನನ್ನುತ್ತಾನೆ? "ಅವ್ವಾ, ನೀನು ಏಳಬೇಡ, ಒಂದು ಕಡೆ ಕೂತಿರು. ಬೇಕಾದ್ದನ್ನು ನಾವು ತಂದುಕೊಡುತ್ತೇವೆ." ಪ್ರೀತಿಯ ಮಾತೇ. ಆದರೆ ಕೂತ ಕಾಲು ಸೊರಗುತ್ತದೆ. ಸೊರಗಿದ ಕಾಲು ಮೈಯ ತೂಕ ಹೊರಲಾರದು. ಹೆದರಿ ಕೂತವಳು ಮುಂದೆ ಬಚ್ಚಲಿಗೆಂದು ಎದ್ದಾಗಲೇ ಬೀಳುತ್ತಾಳೆ. ಬೀಳದಿರಲೆಂದು ಕೂಡಿಸಿದ್ದೇ ಬೀಳಿಸಿತಲ್ಲವೇ?

ಕಾಲಿನ ಬಲವನ್ನೂ ಸಮತೋಲವನ್ನೂ ಕಲಿಸುವ ವ್ಯಾಯಾಮದಿಂದ ಬೀಳುವುದು ಕಡಿಮೆಯಾಗುತ್ತದೆಂಬುದು ಹಲವು ದೇಶಗಳ ಪರೀಕ್ಷೆಗಳಲ್ಲಿ ಸಿದ್ಧವಾಗಿದೆ. ಅದೇನು ಮಲ್ಲರ ಗರಡಿಯಲ್ಲ. ಗೋಡೆಗೆ ತಾಗಿಸಿಟ್ಟ ಕುರ್ಚಿಯಿಂದ, ಆದಷ್ಟು ಕೈಯೂರದೆ, ಹತ್ತು ಸಾರಿ ಏಳುವುದು, ಕೂರುವುದು. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಮೊದಮೊದಲು ಒಬ್ಬರು ಪಕ್ಕದಲ್ಲಿ ನಿಲ್ಲಲಿ. ಮಗ ತಾಯಿಗೆ ಕೊಡಬೇಕಾದ್ದು ಕುರ್ಚಿಯೊಂದನ್ನೇ ಅಲ್ಲ, ದಿನಕ್ಕೆ ಕಾಲು ಗಂಟೆ ತನ್ನ ತೋಳನ್ನೂ ಸಹ. ಕಣ್ಣಿನ ಪೊರೆಯಿದ್ದರೆ ತೆಗೆಸಿರಿ. ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಒಯ್ದು ವೈದ್ಯರ ಮುಂದೆ ಸುರಿದು, ಯಾವುದು ಬೇಕು, ಯಾವುದು ಬೇಡವೆಂದು ಕೇಳಿರಿ, ನೀವಾಗಿಯೇ ಬಿಡಬೇಡಿರಿ.

ಹಿರಿಯರಲ್ಲೂ ಒಂದು ಮಾತು. ಬಿದ್ದದ್ದನ್ನು ನೀವು ಮುಚ್ಚಿಡುತ್ತೀರಿ. ಮಕ್ಕಳಿಗೆ ಭಾರವಾದೇವೆಂಬ ಅಂಜಿಕೆ, ಬೀಗದ ಕೈ ಸೊಸೆಗೆ ಹೋದೀತೆಂಬ ಅಳುಕು, ಎರಡೂ ನಮಗೆ ಗೊತ್ತು. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು. ಅಂದೇ ಹೇಳಿದರೆ ಕಾರಣ ಹುಡುಕಬಹುದು.

ಇಷ್ಟಾಗಿಯೂ ಬಿದ್ದರೆ ತಕ್ಷಣ ತೋಳು ಹಿಡಿದು ಎತ್ತಬೇಡಿರಿ. ಎಲ್ಲಿ ನೋವೆಂದು ಕೇಳಿರಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಕೀಲಿನ ಎಲುಬು ಮುರಿದಿರಬಹುದು. ನಿಲ್ಲಿಸಬಾರದು, ಎಣ್ಣೆ ಹಚ್ಚಿ ತಿಕ್ಕಿಸಲೂಬಾರದು. 108ಕ್ಕೆ ಫೋನು ಮಾಡಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದಿದ್ದರೆ, "ನನಗೇನೂ ಆಗಿಲ್ಲ" ಎಂದರೂ ಕೇಳದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.