ಪೆಟ್ಟಿಗೆ ಕಟ್ಟುವ ವ್ರತ

ಬೇಸಿಗೆ ರಜೆಯ ಹೊತ್ತಿಗೆ ಕಾನ್ವೆಂಟಿಗೆ ಪ್ರೊವಿನ್ಶಿಯಲ್, ಅಂದರೆ ಸಂಸ್ಥೆಯ ಪ್ರಾಂತದ ಮುಖ್ಯಸ್ಥೆಯ ಪತ್ರ ಬರುತ್ತದೆ. ಯಾರು ಎಲ್ಲಿಗೆ ಎಂಬುದು ಅದರಲ್ಲಿರುತ್ತದೆ. ಮಕ್ಕಳ ಅಪ್ಪ-ಅಮ್ಮಂದಿರ ಹೆಸರಿನಿಂದ ಹಿಡಿದು ಯಾವ ಮನೆಯ ಅಜ್ಜಿಗೆ ಸಕ್ಕರೆ ಕಾಯಿಲೆ ಎಂಬುದರವರೆಗೆ ಊರನ್ನೆಲ್ಲ ತಿಳಿದುಕೊಂಡ ಸಿಸ್ಟರ್ ಒಂದು ಸೂಟ್‌ಕೇಸು, ಒಂದು ಕೈಚೀಲ ಹಿಡಿದು ಹೊರಡುತ್ತಾರೆ. ಶಾಲೆ ಮತ್ತೆ ಶುರುವಾಗುವಾಗ ಅವರ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿರುತ್ತಾರೆ.

ಕುಮಟೆಯ ನಿರ್ಮಲಾ ಕಾನ್ವೆಂಟ್, ಹೊನ್ನಾವರ ಪ್ರಭಾತನಗರದ ಸೇಂಟ್ ಇಗ್ನೇಷಿಯಸ್ ಆಸ್ಪತ್ರೆ, ಭಟ್ಕಳದ ಆನಂದಾಶ್ರಮ ಕಾನ್ವೆಂಟ್ – ಈ ಕರಾವಳಿಯಲ್ಲಿ ಇವನ್ನು ಯಾರಿಗೂ ಪರಿಚಯಿಸಬೇಕಿಲ್ಲ. ಕಾನ್ವೆಂಟ್ ಶಾಲೆಯ ಹಾಜರಿ ಪುಸ್ತಕದಲ್ಲಿ ನಾಯ್ಕ, ಶೇಟ್, ಫರ್ನಾಂಡಿಸ್, ಶೇಖ್ ಎಲ್ಲರೂ ಸಾಲಾಗಿ ಬರುತ್ತಾರೆ. ಈ ಶಾಲೆ, ಆಸ್ಪತ್ರೆಗಳನ್ನು ನಡೆಸುವ ಹೆಂಗಸರು ಯಾರು, ಎಲ್ಲಿಂದ ಬಂದರು, ಯಾಕೆ ಬಂದರು ಎಂದು ನಾವು ಕೇಳಿದ್ದು ಮಾತ್ರ ಕಡಿಮೆ.

ಈ ಸೀಮೆಯಲ್ಲಿ ಇಗರ್ಜಿ ಹಳೆಯದು. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಹೊನ್ನಾವರದ ಕೋಟೆಯಲ್ಲಿದ್ದರು. 1681ರಲ್ಲಿ ಗೋವೆಯಿಂದ ಜೋಸೆಫ್ ವಾಜ್ ಎಂಬ ಪಾದ್ರಿ ಕೆನರಾಕ್ಕೆ ಬಂದರು. ಅವರು 2015ರಲ್ಲಿ ಸಂತ ಪದವಿ ಪಡೆದರು. ಆದರೆ ವಾಜ್ ಅವರ ಕಾಲದಲ್ಲಿ ದೇವರ ಸೇವೆಗೆ ನಿಂತ ಹೆಣ್ಣಿಗೆ ಇದ್ದದ್ದು ಮಠದ ನಾಲ್ಕು ಗೋಡೆ ಮಾತ್ರ. 1606ರಲ್ಲಿ ಹಳೇ ಗೋವೆಯಲ್ಲಿ ಶುರುವಾದ ಸಾಂತಾ ಮೋನಿಕಾ ಮಠದ ಕನ್ಯಾಸ್ತ್ರೀಯರು ಹೊರಗೆ ಬರುವಂತಿರಲಿಲ್ಲ. ಬೀದಿಗಿಳಿದು ಶಾಲೆ, ಔಷಧಿ ಎಂದು ಓಡಾಡುವ ಸಿಸ್ಟರ್ ನಮ್ಮ ಕರಾವಳಿಗೆ ಬಂದದ್ದು ಬಹಳ ತಡವಾಗಿ. ಮದರ್ ವೆರೋನಿಕಾ ಕಟ್ಟಿದ ಅಪೋಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಭಗಿನಿಯರು ಫ್ರಾನ್ಸಿನಿಂದ ಮಂಗಳೂರಿಗೆ ಬಂದಿಳಿದದ್ದು 1870ರ ನವೆಂಬರಿನಲ್ಲಿ. 1921ರ ಜುಲೈ 16ರಂದು ಅಲ್ಲಿನ ಬೆಂದೂರಿನ ಪಾದ್ರಿ ರೇಮಂಡ್ ಮಸ್ಕರೇನ್ಹಸ್ ಊರಿನ ನಾಲ್ವರು ಹೆಣ್ಣುಮಕ್ಕಳನ್ನು ಸೇರಿಸಿ ಬೆಥನಿ ಸಂಸ್ಥೆ ಆರಂಭಿಸಿದರು. ಅವರ ಕಣ್ಣಿದ್ದದ್ದು ಹಳ್ಳಿಯ ಬಡ ಮಕ್ಕಳ ಓದಿನ ಮೇಲೆ. ಉತ್ತರ ಕನ್ನಡಕ್ಕೆ ತನ್ನದೇ ಕಾರವಾರ ಧರ್ಮಪ್ರಾಂತ (ಒಬ್ಬ ಬಿಷಪ್ಪರ ಆಡಳಿತದ ವ್ಯಾಪ್ತಿ) ಸಿಕ್ಕಿದ್ದು 1976ರಲ್ಲಿ, ಬೆಳಗಾವಿಯಿಂದ ಬೇರೆಯಾದಾಗ.

ಸಿಸ್ಟರ್ ಆಗುವುದು ಒಂದು ದಿನದ ತೀರ್ಮಾನವಲ್ಲ. ಮೊದಲು ಬಂದಿರುವುದು, ನೋಡುವುದು. ಆಮೇಲೆ ನೊವಿಶಿಯೇಟ್ ಎಂಬ ನವದೀಕ್ಷೆ – ಕಡಿಮೆಯೆಂದರೆ ಹನ್ನೆರಡು ತಿಂಗಳು, ಹೆಚ್ಚೆಂದರೆ ಎರಡು ವರ್ಷ. ಅದು ಮುಗಿದ ಮೇಲೆ ತಾತ್ಕಾಲಿಕ ವ್ರತ: ಬಡತನ, ಬ್ರಹ್ಮಚರ್ಯ, ವಿಧೇಯತೆ. ಮೂರರಿಂದ ಆರು ವರ್ಷ, ಬೇಕಾದರೆ ಒಂಬತ್ತರವರೆಗೂ, ಇದನ್ನು ನವೀಕರಿಸುತ್ತ ಹೋಗಬಹುದು. ಇಷ್ಟೂ ಕಾಲ ಬಾಗಿಲು ಎರಡೂ ಕಡೆಯಿಂದ ತೆರೆದೇ ಇರುತ್ತದೆ. ಮನಸ್ಸು ಒಪ್ಪದಿದ್ದರೆ ಅವಳು ಮನೆಗೆ ಹೋಗಬಹುದು, ಸಂಸ್ಥೆಯೂ ಬೇಡ ಎನ್ನಬಹುದು. ಮದುವೆಗೆ ಇಂಥದೊಂದು ವ್ಯವಸ್ಥೆ ನಮ್ಮಲ್ಲಿಲ್ಲ ಎಂಬುದನ್ನು ಇಲ್ಲಿ ಹೇಳದೇ ಇರಲಾರೆ. ಕೊನೆಗೆ ಅಂತಿಮ ವ್ರತ. ಅದು ಸಾಯುವ ತನಕ.

ಬಡತನದ ವ್ರತವೆಂದರೆ ಹರಕು ಸೀರೆಯಲ್ಲ, ಲೆಕ್ಕದ ಮಾತು. ಅನುದಾನಿತ ಶಾಲೆಯಲ್ಲಿ ಪಾಠ ಮಾಡುವ ಸಿಸ್ಟರ್ ಹೆಸರಿಗೆ ಸರ್ಕಾರದ ಸಂಬಳ ಬರುತ್ತದೆ. ಧರ್ಮಸಭೆಯ ಕಾನೂನಿನ ಪ್ರಕಾರ ಅದು ಅವರದಲ್ಲ, ಸಂಸ್ಥೆಯದು. ಬಸ್ಸಿನ ಟಿಕೆಟ್ಟಿಗೂ ಮನೆಯ ಮೇಲ್ವಿಚಾರಕಿಯ ಕೈಯಿಂದಲೇ ದುಡ್ಡು ಪಡೆಯಬೇಕು, ವಾಪಸು ಬಂದು ಲೆಕ್ಕ ಕೊಡಬೇಕು. ಕೈಗೇ ಬಾರದ ಸಂಬಳಕ್ಕೆ ಆದಾಯ ತೆರಿಗೆ ಯಾಕೆ ಮುರಿಯಬೇಕು ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2024ರ ನವೆಂಬರಿನಲ್ಲಿ ಕೋರ್ಟು ಆ ವಾದವನ್ನು ಒಪ್ಪಲಿಲ್ಲ: ಸಂಬಳ ಪಡೆದವರು ಅದನ್ನು ಯಾರಿಗೆ ಕೊಟ್ಟರೂ ತೆರಿಗೆ ತೆರಿಗೆಯೇ.

ಆದರೂ ನನ್ನನ್ನು ಕೇಳಿದರೆ ಬಡತನಕ್ಕಿಂತ ವಿಧೇಯತೆಯೇ ಕಷ್ಟದ ವ್ರತ. ದುಡ್ಡು ಬಿಡುವವರು ಸಿಗುತ್ತಾರೆ. ತಾನೇ ಕಟ್ಟಿ ನಿಲ್ಲಿಸಿದ ಹೊಲಿಗೆ ತರಗತಿ, ತಾನೇ ಸಾಕಿ ಬೆಳೆಸಿದ ಹಾಸ್ಟೆಲ್ಲು ಬಿಟ್ಟು ಪತ್ರ ಬಂದ ಕೂಡಲೇ ಹೊರಡುವವರು ಅಪರೂಪ. ಇದರಲ್ಲಿ ಸಂಸ್ಥೆಗೆ ಲಾಭವಿದೆ, ಯಾವ ಶಾಲೆಯೂ ಒಬ್ಬರ ಆಸ್ತಿಯಾಗುವುದಿಲ್ಲ. ನಷ್ಟವೂ ಇದೆ. ಕೊಂಕಣಿಯೋ ಮಲಯಾಳವೋ ಮನೆಮಾತಾದ ಸಿಸ್ಟರ್ ನಮ್ಮ ಕರಾವಳಿಯ ಕನ್ನಡ ಕಲಿತು, ಮೀನು ಮಾರುವ ತಾಯಂದಿರು ಅಂಜಿಕೆ ಬಿಟ್ಟು ಮಾತಾಡುವಷ್ಟು ಹತ್ತಿರವಾದರು ಅನ್ನುವಾಗಲೇ ಅವರ ಅವಧಿ ಮುಗಿದಿರುತ್ತದೆ. ಕಾನ್ವೆಂಟ್ ಎಂದರೆ ಶುಲ್ಕ ಕಟ್ಟಬಲ್ಲವರ ಶಾಲೆ ಎಂಬ ಟೀಕೆಯಲ್ಲೂ ಹುರುಳಿಲ್ಲದಿಲ್ಲ. ಆದರೆ ಸಿಸ್ಟರ್‌ಗಳ ಆಸ್ಪತ್ರೆಯ ಬಾಣಂತಿ ವಾರ್ಡಿನ ರಾತ್ರಿ ಪಾಳಿಯನ್ನು ಆ ತಕ್ಕಡಿಯಲ್ಲಿ ತೂಗಲು ಬಾರದು.

ಮನೆ ತುಂಬ ಮಕ್ಕಳಿದ್ದ ಕಾಲದಲ್ಲಿ ಕ್ರೈಸ್ತ ಕುಟುಂಬವೊಂದು ಒಬ್ಬ ಮಗಳನ್ನು ಕಾನ್ವೆಂಟಿಗೆ ಕಳಿಸುವುದು ಹೆಮ್ಮೆಯ ಸಂಗತಿಯಾಗಿತ್ತು. ಈಗ ಮನೆಗೆ ಒಂದೋ ಎರಡೋ. 1970ರ ಸುಮಾರಿಗೆ ಜಗತ್ತಿನಲ್ಲಿ ಹತ್ತು ಲಕ್ಷದಷ್ಟಿದ್ದ ಕ್ಯಾಥೊಲಿಕ್ ಸಿಸ್ಟರ್‌ಗಳ ಸಂಖ್ಯೆ ಆರು ಲಕ್ಷದ ಕೆಳಗೆ ಇಳಿದಿದೆ. ಈ ಮೂರು ತಾಲೂಕುಗಳಲ್ಲಿ ದುಡಿದವರು ನಿವೃತ್ತರಾದ ಮೇಲೆ ಇಲ್ಲಿ ಉಳಿಯುವುದಿಲ್ಲ. ತಮ್ಮ ಸಂಸ್ಥೆಯ ವೃದ್ಧ ಭಗಿನಿಯರ ಮನೆಗೆ ಹೋಗುತ್ತಾರೆ. ಸೇತುವೆ, ರೈಲು ಬರುವ ಮೊದಲಿನ ಹೊನ್ನಾವರ, ಕುಮಟೆ, ಭಟ್ಕಳಗಳ ಹೆರಿಗೆ, ಬಡತನ, ಮೊದಲ ತಲೆಮಾರಿನ ಹೆಣ್ಣುಮಕ್ಕಳ ಓದು – ಎಲ್ಲವೂ ಅವರ ನೆನಪಿನಲ್ಲಿದೆ. ಜಿಲ್ಲೆಯ ಚರಿತ್ರೆ ಬರೆಯುವವರು ಬೇಗ ಹೋಗಿ ಅವರನ್ನು ಮಾತಾಡಿಸಿ ಬರೆದಿಟ್ಟುಕೊಳ್ಳಬೇಕು.