ಪೊಟ್ಯಾಸಿಯಂಗೆ ಒಂಬತ್ತೋ? ಎಂಟು–ಒಂದೋ?

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ – ಯಾವ ಊರಿನ ಹೈಸ್ಕೂಲಿಗೇ ಹೋಗ್ರಿ, ಹುಡುಗರ ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ. ನಡುವೆ ಒಂದು ಬೊಟ್ಟು, ಸುತ್ತ ಬಳೆಯಂಥ ವೃತ್ತಗಳು, ಅವುಗಳ ಮೇಲೆ ಸಾಸಿವೆ ಕಾಳಿನಂಥ ಚುಕ್ಕಿಗಳು. ಪರಮಾಣು ಅಂತಾರೆ ಅದಕ್ಕೆ. ಗಲ್ಲಾಪೆಟ್ಟಿಗೆ ಮುಂದೆ ಕೂತ ಅಪ್ಪನಿಗೆ ಇದು ರಂಗೋಲಿ. ಆದರೆ ಹುಡುಗ ಮುಂದೆ ಸಾಯನ್ಸ್ ತಗೊಳ್ತಾನೋ, ‘ತಲೆಗೆ ಹತ್ತೋದಿಲ್ಲ’ ಅಂತ ಪುಸ್ತಕ ಮಡಚುತ್ತಾನೋ ಎಂಬುದಕ್ಕೆ ಈ ರಂಗೋಲಿಯೂ ಒಂದು ಕಾರಣವಾದೀತು.

ಲೆಕ್ಕ ಇಷ್ಟೇ

ನಡುವಿನದು ಬೀಜಕೇಂದ್ರ. ಸುತ್ತಲಿನವು ಕವಚಗಳು. ಚುಕ್ಕಿಗಳೇ ಎಲೆಕ್ಟ್ರಾನುಗಳು. ಮೊದಲ ಕವಚದಲ್ಲಿ 2, ಎರಡನೆಯದರಲ್ಲಿ 8, ಮೂರನೆಯದರಲ್ಲಿ 18 – ಇದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಸೋಡಿಯಂಗೆ 11 ಎಲೆಕ್ಟ್ರಾನು: 2, 8, 1. ಕ್ಲೋರಿನ್‌ಗೆ 17: 2, 8, 7.

ಕವಚಗಳ ಹೆಸರು ಕೆ, ಎಲ್, ಎಂ, ಎನ್. ಎ, ಬಿ, ಸಿ ಯಾಕಲ್ಲ? ಎಕ್ಸ್-ರೇ ಅಭ್ಯಾಸ ಮಾಡುತ್ತಿದ್ದ ಇಂಗ್ಲೆಂಡಿನ ಬಾರ್ಕ್ಲಾ ಎಂಬಾತ ತಾನು ಕಂಡ ಕಿರಣಗಳಿಗೆ ಕೆ, ಎಲ್ ಎಂದು ಹೆಸರಿಟ್ಟ. ಮುಂದೆ ಇನ್ನೂ ಸಿಕ್ಕರೆ ಇರಲಿ ಎಂದು ಮೊದಲ ಅಕ್ಷರಗಳನ್ನು ಖಾಲಿ ಬಿಟ್ಟ. ಸಿಗಲಿಲ್ಲ. 1913ರಲ್ಲಿ ಡೆನ್ಮಾರ್ಕಿನ ನೀಲ್ಸ್ ಬೋರ್ ಕೊಟ್ಟ ಚಿತ್ರಕ್ಕೆ ಅವೇ ಅಕ್ಷರ ಅಂಟಿಕೊಂಡವು.

ಎಡವೋದು ಇಲ್ಲಿ

ಪೊಟ್ಯಾಸಿಯಂಗೆ 19. ಲೆಕ್ಕದಲ್ಲಿ ಚುರುಕಾದ ಹುಡುಗ 2, 8, 9 ಎಂದು ಬರೆಯುತ್ತಾನೆ. ಮೂರನೆಯದರಲ್ಲಿ 18ಕ್ಕೆ ಜಾಗ ಇದೆಯಲ್ಲ! ಆದರೂ ತಪ್ಪು. ಸರಿಯುತ್ತರ 2, 8, 8, 1. ಕ್ಯಾಲ್ಸಿಯಂಗೆ 2, 8, 8, 2. ಕಟ್ಟಕಡೆಯ ಕವಚದಲ್ಲಿ ಎಂಟಕ್ಕಿಂತ ಹೆಚ್ಚು ನಿಲ್ಲುವುದಿಲ್ಲ.

ಯಾಕೆ? ಮೋಟೆಬೆನ್ನೂರಿನಲ್ಲಿ ಬಸ್ ಹತ್ತಿದವರು ಹಿಂದೆ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರವೇ ಕೂಡುತ್ತಾರೆ; ಶ್ರಮ ಕಡಿಮೆ. ಹತ್ತೊಂಬತ್ತನೆಯ ಎಲೆಕ್ಟ್ರಾನಿಗೂ ನಾಲ್ಕನೆಯ ಕವಚದಲ್ಲಿ ಕೂಡಲು ಕಡಿಮೆ ಶಕ್ತಿ ಸಾಕು. ಅಲ್ಲಿ ಇಬ್ಬರು ಕೂತ ಮೇಲೆ, 21ನೆಯ ಸ್ಕ್ಯಾಂಡಿಯಂನಿಂದ ಮೂರನೆಯ ಕವಚ ಮತ್ತೆ ತುಂಬತೊಡಗುತ್ತದೆ: 2, 8, 9, 2. ಕಾರಣ ಹೇಳದೆ ‘ಬಾಯಿಪಾಠ ಮಾಡು’ ಅಂದರೆ ಚುರುಕು ಹುಡುಗನೇ ಮೊದಲು ಬೇಸರಪಡುತ್ತಾನೆ.

ನಷ್ಟವಿಲ್ಲದ ವ್ಯಾಪಾರ

ಕೊನೆಯ ಕವಚವೇ ವ್ಯವಹಾರದ ಕಟ್ಟೆ. ಸೋಡಿಯಂ ತನ್ನ ಹೊರಗಿನ ಒಂದನ್ನು ಕೊಡುತ್ತದೆ, ಕ್ಲೋರಿನ್ ತಗೊಳ್ಳುತ್ತದೆ. ಕೊಟ್ಟವನಿಗೂ ಹೊರಗೆ ಎಂಟು, ತಗೊಂಡವನಿಗೂ ಎಂಟು. ನೀರು ಕಂಡರೆ ಉರಿದೇಳುವ ಲೋಹ ಒಂದು, ವಿಷಗಾಳಿ ಇನ್ನೊಂದು; ಎರಡೂ ಸೇರಿದರೆ ಕಿರಾಣಿ ಅಂಗಡಿಯ ಉಪ್ಪು!

2011ರಲ್ಲಿ ಜಿಐ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ತರುವುದು ಖಾರಕ್ಕಿಂತ ಬಣ್ಣ. ಆ ಬಣ್ಣವೂ ಎಲೆಕ್ಟ್ರಾನುಗಳದೇ ಆಟ. ಕ್ಯಾಪ್ಸಾಂಥಿನ್ ಎಂಬ ವಸ್ತುವಿನಲ್ಲಿ ಹಲವು ಇಂಗಾಲದ ಪರಮಾಣುಗಳು ಹಂಚಿಕೊಂಡ ಎಲೆಕ್ಟ್ರಾನುಗಳು ನೀಲಿ–ಹಸಿರು ಬೆಳಕನ್ನು ನುಂಗಿ ಕೆಂಪನ್ನು ನಮಗೆ ಬಿಡುತ್ತವೆ.

ಚಿತ್ರವೇ ಪೂರ್ತಿ ನಿಜವಲ್ಲ

ಬೀಜಕೇಂದ್ರವನ್ನು 3 ಮಿಲಿಮೀಟರಿನ ಮೆಣಸಿನ ಬೀಜ ಅಂದುಕೊಂಡರೆ, ಪರಮಾಣುವಿನ ಅಗಲ ಸುಮಾರು 300 ಮೀಟರ್ ಆದೀತು. ಪುಸ್ತಕದ ಹಾಳೆಗೆ ಅದು ಎಲ್ಲಿ ಹಿಡಿಸಬೇಕು? ಎಲೆಕ್ಟ್ರಾನುಗಳು ಬಳೆಯ ಮೇಲೆ ಓಡುವುದೂ ಇಲ್ಲ. 1926ರ ನಂತರದ ವಿಜ್ಞಾನ ಅವನ್ನು ಮೋಡದಂತೆ ಹರಡಿದವು ಎನ್ನುತ್ತದೆ. ಪಿಯುಸಿಗೆ ಹೋದೊಡನೆ ಇದನ್ನು ಕೇಳಿದ ಹುಡುಗರು ‘ಹಾಗಾದ್ರೆ ಮೊದಲು ಕಲಿಸಿದ್ದು ಸುಳ್ಳಾ?’ ಎಂದು ಕಂಗಾಲಾಗುತ್ತಾರೆ. ಸುಳ್ಳಲ್ಲ, ನಕಾಶೆ. ನಕಾಶೆಯಲ್ಲಿನ ಗೆರೆ ರಸ್ತೆಯಲ್ಲ, ಆದರೂ ಊರು ಮುಟ್ಟಿಸುತ್ತದೆ. ಈ ಒಂದು ಮಾತನ್ನು ಹೈಸ್ಕೂಲಿನಲ್ಲೇ ಹೇಳಿಬಿಟ್ಟರೆ ಅರ್ಧ ಭಯ ಹೋದೀತು.

ಅಂಗಡಿಯವರಲ್ಲಿ ಒಂದು ವಿನಂತಿ. ಸಾಮಾನು ಬಂದ ರಟ್ಟಿನ ಡಬ್ಬಿ ಬಿಚ್ಚಿ ಮಗಳಿಗೋ ಮಗನಿಗೋ ಕೊಡ್ರಿ. ಬಳೆ, ಬಟ್ಟಲು, ತಾಟು, ಪರಾತ ಒಂದರ ಸುತ್ತ ಒಂದು ಇಟ್ಟು ಗೆರೆ ಎಳೆದರೆ ನಾಲ್ಕು ಕವಚ ತಯಾರು. ಹತ್ತೊಂಬತ್ತು ಸಾಸಿವೆ ಕಾಳು ಎಣಿಸಿ ಕೈಗೆ ಹಾಕ್ರಿ. ಕೊನೆಯ ಕಾಳು ಪರಾತದ ಗೆರೆಯ ಮೇಲೆ ಕೂತರೆ ಉತ್ತರ ಸರಿ. ‘ಯಾಕೆ ಅಲ್ಲೇ?’ ಎಂದು ಕೇಳುವುದನ್ನು ಮಾತ್ರ ಮರೆಯಬ್ಯಾಡ್ರಿ.