ಕೈದಾಳದ ಕೈ: ಪವಾಡದ ಕತೆಯನ್ನ ಚರಿತ್ರೆ ಹೇಗೆ ನೋಡುತ್ತೆ?

ತುರುವೇಕೆರೆಯ ಚೆನ್ನಿಗರಾಯನ ಗುಡಿ ಮುಂದೆಯೋ, ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲೋ ನಿಂತು "ಇದನ್ನ ಯಾರು ಕಟ್ಟಿದ್ದು?" ಅಂತ ಯಾರನ್ನಾದರೂ ಕೇಳಿ. "ಜಕಣಾಚಾರಿ ಕಡ್ದಿದ್ದು ಕಣಪ್ಪ" ಅನ್ನೋ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ತೆಂಗಿನ ಸೀಮೆಯಲ್ಲಿ ಬೆಳೆದ ನಾವೆಲ್ಲ ಅಜ್ಜಿಯ ಬಾಯಲ್ಲೋ, 1964ರ 'ಅಮರಶಿಲ್ಪಿ ಜಕಣಾಚಾರಿ' ಸಿನಿಮಾದಲ್ಲೋ ಆ ಕತೆ ಕೇಳಿದವರೇ.

ಕತೆ ಇಷ್ಟು. ಬೇಲೂರಿನಲ್ಲಿ ಜಕಣ ಕಡೆದ ವಿಗ್ರಹದಲ್ಲಿ ದೋಷವಿದೆ ಅಂತ ಒಬ್ಬ ಹುಡುಗ ಹೇಳ್ತಾನೆ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ತೀನಿ ಅಂತ ಜಕಣನ ಪಣ. ವಿಗ್ರಹಕ್ಕೆ ಗಂಧ ಬಳಿದರೆ ಎಲ್ಲ ಕಡೆ ಒಣಗುತ್ತೆ, ಹೊಕ್ಕಳ ಹತ್ತಿರ ಮಾತ್ರ ಒಣಗಲ್ಲ. ಅಲ್ಲಿ ಒಡೆದು ನೋಡಿದರೆ ಒಳಗೆ ನೀರು, ಕಪ್ಪೆ. ಜಕಣ ಕೈ ಕಳೆದುಕೊಳ್ತಾನೆ; ಆ ಹುಡುಗ ತನ್ನ ಮಗ ಡಂಕಣ ಅಂತ ಆಮೇಲೆ ತಿಳಿಯುತ್ತೆ. ಕೊನೆಗೆ ತನ್ನೂರು ಕ್ರೀಡಾಪುರದಲ್ಲಿ ಚೆನ್ನಕೇಶವನ ಗುಡಿ ಕಟ್ಟಿದಾಗ ದೇವರು ಕೈ ಮರಳಿ ಕೊಡ್ತಾನೆ. ಊರಿಗೆ 'ಕೈದಾಳ' ಅಂತ ಹೆಸರಾಗುತ್ತೆ. ತುಮಕೂರಿನ ಪಕ್ಕ, ಗೂಳೂರಿನ ಹತ್ತಿರ ಇರುವ ಊರದು.

ಇದು ನಿಜವಾ? ಈ ಪ್ರಶ್ನೆ ಎದ್ದರೆ ಹಾಸ್ಟೆಲ್‌ನಲ್ಲಿ ಎರಡು ಗುಂಪಾಗುತ್ತೆ. "ದೇವರ ವಿಷಯ, ಕೇಳಬಾರದು" ಅನ್ನೋದು ಒಂದು; "ಎಲ್ಲಾ ಬರೀ ಕಟ್ಟುಕತೆ" ಅನ್ನೋದು ಇನ್ನೊಂದು. ಇತಿಹಾಸಕಾರರು ಎರಡನ್ನೂ ಒಪ್ಪಲ್ಲ. ಅವರು ಕೇಳೋದು ಬೇರೆ: ಘಟನೆಗೂ ಬರಹಕ್ಕೂ ಎಷ್ಟು ವರ್ಷದ ಅಂತರ? ಒಬ್ಬರನ್ನೊಬ್ಬರು ನಕಲು ಮಾಡದ ಸಾಕ್ಷಿಗಳು ಎಷ್ಟು? ಹೇಳಲೇಬೇಕಾದವರು ಸುಮ್ಮನಿದ್ದಾರಾ? ಕತೆ ಬಾಯಿಂದ ಬಾಯಿಗೆ ಹೋಗ್ತಾ ಏನು ಬದಲಾಯ್ತು?

ಈ ಪ್ರಶ್ನೆಗಳು ಹೆಚ್ಚು ಪಳಗಿದ್ದು ಯೇಸು ವಾಸಿ ಮಾಡಿದ ಕತೆಗಳ ಅಧ್ಯಯನದಲ್ಲಿ. ಒಂದು ಉದಾಹರಣೆ ನೋಡಿ. ಯೇಸುವನ್ನು ಬಂಧಿಸುವಾಗ ಮಹಾಯಾಜಕನ ಆಳಿನ ಕಿವಿ ಕತ್ತರಿಸಿ ಹೋಯ್ತು ಅಂತ ನಾಲ್ಕೂ ಸುವಾರ್ತೆಗಳು ಹೇಳುತ್ತವೆ. ಯೋಹಾನನು ಆ ಆಳಿನ ಹೆಸರು ಮಲ್ಕ ಅಂತಲೂ ಬರೆಯುತ್ತಾನೆ. ಆದರೆ ಯೇಸು ಆ ಕಿವಿಯನ್ನ ಮುಟ್ಟಿ ವಾಸಿ ಮಾಡಿದ ಅನ್ನೋದು ಲೂಕನಲ್ಲಿ ಮಾತ್ರ. ಹಾಗಾಗಿ ಕಿವಿ ಕತ್ತರಿಸಿದ್ದಕ್ಕಿರುವ ಸಾಕ್ಷಿಯ ಬಲ, ಅದು ವಾಸಿಯಾದದ್ದಕ್ಕೆ ಇಲ್ಲ.

ಹಾಗಂತ ಎಲ್ಲವೂ ಬಿದ್ದುಹೋಗಲ್ಲ. ಮಾರ್ಕನ ಸುವಾರ್ತೆ ಬರೆದದ್ದು ಕ್ರಿ.ಶ. 70ರ ಆಸುಪಾಸು ಅಂತ ಹೆಚ್ಚಿನ ವಿದ್ವಾಂಸರ ಮತ. ಅಂದರೆ ಯೇಸು ಸತ್ತು ಸುಮಾರು 40 ವರ್ಷ. ಪೌಲನ ಪತ್ರಗಳು ಇನ್ನೂ ಹಿಂದಿನವು. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ವಾಸಿ ಮಾಡುವ ವರದ ಮಾತಿದೆ. ಆದ್ದರಿಂದ ಯೇಸು ರೋಗ ವಾಸಿ ಮಾಡುವವನು ಅಂತ ಆ ಕಾಲದ ಜನ ನಂಬಿದ್ದರು ಅನ್ನೋದನ್ನ ನಾಸ್ತಿಕ ವಿದ್ವಾಂಸರೂ ಸಾಮಾನ್ಯವಾಗಿ ಒಪ್ಪುತ್ತಾರೆ. ವಾಸಿಯಾದದ್ದು ಹೇಗೆ ಅನ್ನೋದಕ್ಕೆ ಚರಿತ್ರೆಯ ಅಳತೆಗೋಲು ಸಾಲದು.

ಇದೇ ಅಳತೆ ಎಲ್ಲರಿಗೂ ಒಂದೇ ಇರಬೇಕು. ರೋಮಿನ ಚಕ್ರವರ್ತಿ ವೆಸ್ಪೇಷಿಯನ್ ಅಲೆಕ್ಸಾಂಡ್ರಿಯಾದಲ್ಲಿ ಒಬ್ಬ ಕುರುಡನನ್ನೂ ಇನ್ನೊಬ್ಬ ಅಂಗವಿಕಲನನ್ನೂ ಗುಣ ಮಾಡಿದ ಅಂತ ಟ್ಯಾಸಿಟಸ್, ಸ್ವೆಟೋನಿಯಸ್ ಇಬ್ಬರೂ ಬರೆದಿದ್ದಾರೆ. ಆ ಎರಡನೆಯವನಿಗೆ ತೊಂದರೆ ಇದ್ದದ್ದು ಕೈಯಲ್ಲಿ ಅಂತ ಟ್ಯಾಸಿಟಸ್, ಕಾಲಲ್ಲಿ ಅಂತ ಸ್ವೆಟೋನಿಯಸ್! ಹೊಸದಾಗಿ ಪಟ್ಟಕ್ಕೆ ಬಂದವನಿಗೆ ದೇವರ ಮುದ್ರೆ ಬೇಕಿತ್ತು ಅನ್ನೋದನ್ನೂ ಮರೆಯೋ ಹಾಗಿಲ್ಲ.

ಈಗ ಕೈದಾಳಕ್ಕೆ ಬನ್ನಿ. ಬೇಲೂರಿನ ಪ್ರತಿಷ್ಠೆ 1117ರಲ್ಲಿ. ಕೈದಾಳದ ಶಾಸನ ಸುಮಾರು 1150ರದ್ದು, ಹೊಯ್ಸಳ ಒಂದನೇ ನರಸಿಂಹನ ಕಾಲ. ಒಬ್ಬ ಶಿಲ್ಪಿ ಎರಡೂ ಕಡೆ ಕೆಲಸ ಮಾಡಿರಬಹುದು, ಇಲ್ಲಿಯವರೆಗೆ ಲೆಕ್ಕ ಸರಿ. ಆದರೆ ಶಾಸನ ಹೊಗಳೋದು ಗುಡಿಗಳನ್ನ ಕಟ್ಟಿಸಿದ ಸಾಮಂತ ಬಾಚಿಯನ್ನ. ಜಕಣನ ಹೆಸರಿಲ್ಲ, ಮರಳಿ ಬಂದ ಕೈಯೂ ಇಲ್ಲ. ಅಂಥ ಪವಾಡ ತನ್ನ ಊರಲ್ಲೇ ಆಗಿದ್ದರೆ ಬಾಚಿ ಬಿಡ್ತಿದ್ದನಾ? ಬೇರೆ ಯಾವ ಹೊಯ್ಸಳ ಶಾಸನವೂ ಜಕಣನನ್ನ ಹೇಳಲ್ಲ. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಈ ಕತೆ ಬರೆದದ್ದು 19ನೇ ಶತಮಾನದಲ್ಲಿ, ಅಂದರೆ 700ಕ್ಕೂ ಹೆಚ್ಚು ವರ್ಷದ ನಂತರ. 40 ವರ್ಷದ ಅಂತರಕ್ಕೇ ಅಷ್ಟು ವಾದ ನಡೆದಿರುವಾಗ ಇದು ತುಂಬಾ ದೂರ. ಇನ್ನು ತುರುವೇಕೆರೆಯ ಚೆನ್ನಿಗರಾಯ ಗುಡಿ 1263ರದ್ದು. ಬೇಲೂರಿಂದ ಅಲ್ಲಿಗೆ 146 ವರ್ಷ. ಎರಡನ್ನೂ ಒಬ್ಬನೇ ಕಡೆದಿರೋಕೆ ಸಾಧ್ಯವೇ ಇಲ್ಲ. 'ದಕ್ಷಿಣಾಚಾರ್ಯ' ಅನ್ನೋ ಮಾತೇ ಸವೆದು ಜಕಣಾಚಾರಿ ಆಗಿರಬಹುದು ಅನ್ನೋ ವಾದವೂ ಇದೆ.

ಅಜ್ಜಿಯ ಕತೆಗೆ ಹಾಗಾದರೆ ಬೆಲೆ ಇಲ್ವಾ? ಇದೆ. ತಪ್ಪನ್ನ ಒಬ್ಬ ಹುಡುಗ ತೋರಿಸಿದಾಗಲೂ ಮಾತಿಗೆ ತಪ್ಪದ ಕೆಲಸಗಾರನ ಚಿತ್ರ ಅದು. ನಮ್ಮ ಲ್ಯಾಬ್‌ಗಳಿಗೂ ಬೇಕಾದ ಗುಣ. ಆದರೆ ಕತೆಯನ್ನೇ ಚರಿತ್ರೆ ಅಂದುಬಿಟ್ಟರೆ ನಷ್ಟ ಆಗೋದು ದೇವರಿಗಲ್ಲ, ಕಲ್ಲು ಕಡೆದವರಿಗೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನ ತಾವೇ ಕೆತ್ತಿದ್ದಾರೆ. ಅರಳಗುಪ್ಪೆಯಲ್ಲಿ ಹೊನ್ನೋಜನ ಹೆಸರಿದೆ. ಅದು ತಿಪಟೂರಿಗೆ ಅಷ್ಟು ಹತ್ತಿರ ಇದ್ದರೂ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಪ್ರಾಜೆಕ್ಟ್ ನಾವು ಮಾಡಿ ಹೆಸರು ಇನ್ನೊಬ್ಬರಿಗೆ ಹೋದರೆ ಹೊಟ್ಟೆ ಉರಿಯುತ್ತೆ ತಾನೆ? ಹೊನ್ನೋಜನಿಗೆ ಸುಮಾರು 750 ವರ್ಷದಿಂದ ಆಗ್ತಿರೋದು ಅದೇ.

ಮುಂದಿನ ಸಲ ಅರಳಗುಪ್ಪೆ ಕಡೆ ಹೋದಾಗ ಸೆಲ್ಫಿ ಆದ ಮೇಲೆ ಕಲ್ಲಿನ ಮೇಲಿನ ಹಳಗನ್ನಡ ಅಕ್ಷರಗಳನ್ನೂ ಹುಡುಕಿ. ಊರವರು ಯಾರಾದರೂ ಜಕಣಾಚಾರಿ ಕತೆ ಹೇಳಿದರೆ ಪೂರ್ತಿ ಕೇಳಿ, ಆಮೇಲೆ ಹೊನ್ನೋಜನ ಹೆಸರನ್ನೂ ಅವರಿಗೆ ಹೇಳಿ ಬನ್ನಿ.